ಮಗ್ಗ ನಿಂತ ಹೊತ್ತು

ಕರೆಂಟು ಹೋದರೆ ನಮ್ಮ ಬೀದಿಯಲ್ಲಿ ಖುಷಿಪಡುತ್ತಿದ್ದ ಮನೆ ನಮ್ಮದೊಂದೇ. ದೊಡ್ಡಬಳ್ಳಾಪುರದಲ್ಲಿ ಮಗ್ಗವಿಲ್ಲದ ಬೀದಿ ಆಗ ಕಡಿಮೆ. ನಮ್ಮ ಎಡಕ್ಕೂ ಬಲಕ್ಕೂ ಎದುರಿಗೂ ಪವರ್‌ಲೂಮುಗಳಿದ್ದವು. ಬೆಳಿಗ್ಗೆ ಅವು ಶುರುವಾದವೆಂದರೆ ನೆಲ ಸಣ್ಣಗೆ ಅದುರುತ್ತಿತ್ತು, ಚೊಂಬಿನ ನೀರಿನ ಮೇಲೆ ಗೆರೆಗಳೇಳುತ್ತಿದ್ದವು. ಮನೆಯೊಳಗೆ ಒಬ್ಬರಿಗೆ ಏನಾದರೂ ಹೇಳಬೇಕಾದರೆ ಹತ್ತಿರ ಹೋಗಿ ಹೇಳಬೇಕು. ಲೋಡ್ ಶೆಡ್ಡಿಂಗ್ ಎಂದು ಕರೆಂಟು ತೆಗೆದರೆ ಮಗ್ಗದವರು ಹೊರಗೆ ಬಂದು ಬೀಡಿ ಹಚ್ಚಿ, ಲೈನ್‌ಮನ್ನಿನಿಂದ ಹಿಡಿದು ಮಂತ್ರಿಗಳವರೆಗೆ ಎಲ್ಲರನ್ನೂ ಬೈಯುತ್ತಿದ್ದರು. ಅದೇ ಹೊತ್ತಿಗೆ ನಮ್ಮ ಪಡಸಾಲೆಯಲ್ಲಿ ಅಪ್ಪ ಕೈ ತೊಳೆದುಕೊಂಡು, ಒಣಗಿಸಿಟ್ಟ ಮೃದಂಗವನ್ನು ಮಡಿಲಿಗೆ ಎಳೆದುಕೊಳ್ಳುತ್ತಿದ್ದ. ಅಮ್ಮ ಒಲೆಯ ಮೇಲಿದ್ದದ್ದನ್ನು ಇಳಿಸುತ್ತಿದ್ದಳು. ಅಜ್ಜಿ ಎಲೆಯಡಿಕೆ ಕುಟ್ಟುವುದನ್ನು ನಿಲ್ಲಿಸುತ್ತಿದ್ದಳು. ಬ್ಯಾಟರಿಯ ಶ್ರುತಿಪೆಟ್ಟಿಗೆ ಮಾತ್ರ ಮೂಲೆಯಲ್ಲಿ ಮೊರೆಯುತ್ತಿತ್ತು. ಮೃದಂಗವನ್ನು ಯಾವ ಗದ್ದಲದಲ್ಲಾದರೂ ಕಟ್ಟಬಹುದು; ಅದರ ಶ್ರುತಿ ಸೇರಿಸಲು ಮೌನ ಬೇಕು. ಆ ಮೌನವನ್ನು ನಮಗೆ ಕರೆಂಟಿನವರು ಕೊಡುತ್ತಿದ್ದರು, ಯಾವಾಗ ವಾಪಸ್ಸು ಕಿತ್ತುಕೊಳ್ಳುತ್ತಾರೆಂದು ಹೇಳುತ್ತಿರಲಿಲ್ಲ. ಇವತ್ತಿಗೂ ಮನೆಯೊಂದು ಸದ್ದಿಲ್ಲದೆ ಇದ್ದರೆ ನನಗೆ ಏನನ್ನೋ ಬೇಗ ಮುಗಿಸಬೇಕೆಂಬ ಅವಸರ ಹುಟ್ಟುತ್ತದೆ.

ಮನೆಯೆಂದರೆ ಉದ್ದಕ್ಕೆ ಒಂದರ ಹಿಂದೊಂದು ಮೂರು ಕೋಣೆ. ಮುಂದಿನದು ಅಪ್ಪನ ಕೆಲಸದ್ದು. ಅಲ್ಲಿ ಹಲಸಿನ ಮರದ ಟೊಳ್ಳು ಒಡಲುಗಳು ಗೋಡೆಗೆ ಒರಗಿ ನಿಂತಿರುತ್ತಿದ್ದವು. ತೊಗಲಿನ ಮುಚ್ಚಿಗೆ ಹಾಕದ ಮೃದಂಗ ಬಾಯಿ ತೆರೆದುಕೊಂಡು ನಿಂತಂತೆ ಕಾಣುತ್ತದೆ, ಚಿಕ್ಕವಳಿದ್ದಾಗ ನಾನು ಅವುಗಳ ಕಡೆ ಬೆನ್ನು ಮಾಡಿ ಮಲಗುತ್ತಿರಲಿಲ್ಲ. ಹಿತ್ತಲಿನ ತೊಟ್ಟಿಯಲ್ಲಿ ತೊಗಲು ನೆನೆಯುತ್ತಿತ್ತು. ಅದರ ವಾಸನೆ ನಮ್ಮ ಬಟ್ಟೆಯಲ್ಲಿ, ತಲೆಗೂದಲಿನಲ್ಲಿ, ನನ್ನ ಶಾಲೆಯ ಚೀಲದಲ್ಲಿ ಇತ್ತೆಂದು ನನಗೆ ಗೊತ್ತಾದದ್ದು ಪಕ್ಕದಲ್ಲಿ ಕೂರುತ್ತಿದ್ದ ಹುಡುಗಿ ಜಾಗ ಬದಲಿಸಿದ ಮೇಲೆ. ಬೀದಿಯವರು ನಮ್ಮ ಮನೆಯಲ್ಲಿ ನೀರು ಕುಡಿಯುತ್ತಿರಲಿಲ್ಲ. ಹಾಗೆಂದು ಯಾರೂ ಬಾಯಿಬಿಟ್ಟು ಹೇಳಿದವರಲ್ಲ. ‘ಈಗ ತಾನೇ ಕುಡ್ದು ಬಂದೆ ಕಣಮ್ಮ’ ಎನ್ನುತ್ತಿದ್ದರು. ನಮ್ಮಪ್ಪ ಕಟ್ಟಿದ ಮೃದಂಗ ದೇವಸ್ಥಾನದ ಒಳಗೆ ಎಲ್ಲಿಯವರೆಗೆ ಹೋಗುತ್ತಿತ್ತೋ ಅಲ್ಲಿಯವರೆಗೆ ನಾವು ಹೋಗುತ್ತಿರಲಿಲ್ಲ. ಇದರ ಬಗ್ಗೆ ನಮ್ಮ ಮನೆಯಲ್ಲಿ ಚರ್ಚೆ ನಡೆದದ್ದು ನೆನಪಿಲ್ಲ.

ದಿನಾ ಅನ್ನಕ್ಕೆ ಎರಡು ಪಾತ್ರೆ ಇಡುತ್ತಿದ್ದೆವು. ಚಿಕ್ಕದು ಕರಣೆಗೆ. ಮೃದಂಗದ ಬಲ ಮುಚ್ಚಿಗೆಯ ನಡುವೆ ಕರಿಯ ವೃತ್ತವೊಂದು ಇರುತ್ತದಲ್ಲ, ಅದೇ ಕರಣೆ. ಕಬ್ಬಿಣದ ಕಿಟ್ಟದ ಕಲ್ಲನ್ನು ಪುಡಿ ಮಾಡಿ, ಮೆದುವಾಗಿ ಬೆಂದ ಅನ್ನದ ಜೊತೆ ನಾದಿ, ಪದರದ ಮೇಲೆ ಪದರ ಹಚ್ಚಿ, ಪ್ರತಿ ಪದರವನ್ನೂ ನುಣ್ಣನೆಯ ಕಲ್ಲಿನಿಂದ ಆರುವವರೆಗೂ ಉಜ್ಜಬೇಕು. ಕುಟ್ಟುವುದು, ಬೇಯಿಸುವುದು, ನಾದುವುದು, ಉಜ್ಜುವುದು ಎಲ್ಲ ಹೆಂಗಸರ ಕೆಲಸ. ಆದರೆ ಕರಣೆ ಆರಿ ಮುಚ್ಚಿಗೆ ಸಿದ್ಧವಾದ ಮೇಲೆ ಅದರ ಮೇಲೆ ಹೆಣ್ಣಿನ ಬೆರಳು ಬೀಳಬಾರದು; ಇದು ಅಜ್ಜಿಯ ಕಟ್ಟಪ್ಪಣೆ, ಅವಳ ಅತ್ತೆಯಿಂದ ಬಂದದ್ದು. ಅಜ್ಜಿ ಜೀವಮಾನವೆಲ್ಲ ಮುಚ್ಚಿಗೆ ಉಜ್ಜಿ ಉಜ್ಜಿ ಹೆಬ್ಬೆರಳು ಸೊಟ್ಟಗಾದವಳು. ಒಂದನ್ನೂ ಬಾರಿಸಿದವಳಲ್ಲ. ಅಮ್ಮನಿಗೆ ಇನ್ನೊಂದು ಕೆಲಸವೂ ಇತ್ತು. ನೃತ್ಯ ಕಲಿಯುವ ಹುಡುಗಿಯರ ಗೆಜ್ಜೆಗಳು ರಿಪೇರಿಗೆ ಬರುತ್ತಿದ್ದವು. ಉದುರಿದ ಗೆಜ್ಜೆಗಳನ್ನು ಅವಳು ತೊಗಲಿನ ಪಟ್ಟಿಯ ಮೇಲೆ ಮತ್ತೆ ಹೊಲಿದು, ಮೊಳೆಗೆ ನೇತುಹಾಕುತ್ತಿದ್ದಳು. ಮಗ್ಗ ಓಡುವಾಗ ಅವೂ ಅಲ್ಲೇ ಸಣ್ಣಗೆ ನಡುಗುತ್ತಿದ್ದವು. ಒಮ್ಮೆ, ತೀರಾ ಚಿಕ್ಕವಳಿದ್ದಾಗ, ಒಂದು ಜೊತೆಯನ್ನು ಕಾಲಿಗೆ ಕಟ್ಟಿಕೊಂಡಿದ್ದೆ. ಅಮ್ಮ ಬೈಯಲಿಲ್ಲ. ಬಿಚ್ಚಿ, ಬಟ್ಟೆಯಿಂದ ಒರೆಸಿ, ಮತ್ತೆ ಮೊಳೆಗೆ ಹಾಕಿದಳು. ಆ ಒರೆಸುವಿಕೆ ನನಗೆ ಅರ್ಥವಾಯಿತು.

ಅಪ್ಪನಿಗೆ ಕಿವಿ ಕೇಳಿಸುತ್ತಿಲ್ಲ ಎಂದು ನನಗೆ ಗೊತ್ತಾದದ್ದು ಹೈಸ್ಕೂಲಿಗೆ ಸೇರಿದ ವರ್ಷ. ಹುಡುಗನಾಗಿದ್ದಾಗ ಅಪ್ಪ ಮಗ್ಗದ ಕೂಲಿಗೆ ಹೋಗುತ್ತಿದ್ದನಂತೆ. ತಾತ ತೀರಿಕೊಂಡ ಮೇಲೆ ಮನೆ ಕಸುಬಿಗೆ ಬಂದವನು. ಮಗ್ಗ ಅಷ್ಟು ಹೊತ್ತಿಗೆ ಅವನ ಕಿವಿಯನ್ನು ಅರ್ಧ ತಿಂದಿತ್ತು, ಉಳಿದರ್ಧವನ್ನು ನೆರೆಮನೆಯ ಮಗ್ಗಗಳು ನಿಧಾನವಾಗಿ ಮುಗಿಸಿದವು. ಆ ಗದ್ದಲದ ಬೀದಿಯಲ್ಲಿ ಎಲ್ಲರೂ ಒಬ್ಬರ ಬಾಯಿ ಒಬ್ಬರು ನೋಡಿಕೊಂಡೇ ಮಾತಾಡುವುದರಿಂದ ಅವನದು ಎದ್ದು ಕಾಣುತ್ತಿರಲಿಲ್ಲ. ಅವನು ಬಹಳ ಮೆಲ್ಲಗೆ ಮಾತಾಡುತ್ತಿದ್ದ. ಮನುಷ್ಯ ಸಂಭಾವಿತ ಎಂದು ಊರಿನವರ ಮಾತು. ತನ್ನ ದನಿ ಎಷ್ಟು ದೊಡ್ಡದೆಂದು ತಿಳಿಯದ ಭಯಕ್ಕೆ ಅವನು ಅದನ್ನು ಅದುಮಿಟ್ಟುಕೊಂಡಿದ್ದ. ಒಂದು ಮಧ್ಯಾಹ್ನ ಕರೆಂಟು ಹೋಗಿತ್ತು. ನಾನು ಕಾಫಿ ತೆಗೆದುಕೊಂಡು ಹೋದರೆ ಅಪ್ಪ ಕಣ್ಣುಮುಚ್ಚಿ, ಮೃದಂಗದ ಮರದ ಅಂಚಿಗೆ ದವಡೆ ಒತ್ತಿಕೊಂಡು ಕೂತಿದ್ದ. ನಿದ್ದೆ ಹೋಗಿದ್ದಾನೆಂದುಕೊಂಡೆ. ಆದರೆ ಬಲಗೈ ಬೆರಳು ಮುಚ್ಚಿಗೆಯನ್ನು ಮೀಟುತ್ತಿತ್ತು. ಮೀಟಿ, ದವಡೆಯಿಂದ ಆ ಕಂಪನವನ್ನು ಹಿಡಿದು, ಮತ್ತೆ ಮೀಟುತ್ತಿದ್ದ. ಮುಚ್ಚಿಗೆ ಶ್ರುತಿಗಿಂತ ಎಷ್ಟೋ ಇಳಿದಿತ್ತು, ನನಗೇ ಗೊತ್ತಾಗುತ್ತಿತ್ತು. ನಾನು ಹಿಂದಿರುಗಿ ಅಡುಗೆಮನೆಗೆ ಹೋದೆ. ಅಮ್ಮ ನನ್ನ ಮುಖ ನೋಡಿ, ಕಾಫಿ ಲೋಟ ನನ್ನ ಕೈಯಿಂದ ತೆಗೆದುಕೊಂಡು, ಇಷ್ಟೇ ಹೇಳಿದಳು:

‘ಅಜ್ಜಿಗೆ ಹೇಳ್ಬೇಡ. ಹೋಗಿ ಅಪ್ಪನ ಎದ್ರುಗೆ ಕೂತ್ಕೊಂಡು ಓದ್ಕೊ.’

ಅವಳು ಯಾಕೆ ಹಾಗೆ ಹೇಳಿದಳೆಂದು ಕೂತ ಮೇಲೆ ತಿಳಿಯಿತು. ಅಪ್ಪ ಮೀಟಿದಾಗ ಸ್ವರ ಸೇರದಿದ್ದರೆ ನನ್ನ ಹುಬ್ಬು ತಾನಾಗಿ ಗಂಟಿಕ್ಕುತ್ತಿತ್ತು, ಅಪ್ಪ ಅದನ್ನು ನೋಡುತ್ತಿದ್ದ. ಕಲ್ಲಿನಿಂದ ಅಂಚಿಗೆ ಒಂದು ಏಟು ಕೊಟ್ಟು ಬಿಗಿ ಮಾಡಿ ಮತ್ತೆ ಮೀಟುತ್ತಿದ್ದ, ಮತ್ತೆ ನೋಡುತ್ತಿದ್ದ. ದಿನಗಳೆದಂತೆ ಹುಬ್ಬಿನ ಕೆಲಸವನ್ನು ಪುಸ್ತಕ ವಹಿಸಿಕೊಂಡಿತು. ಸ್ವರ ಇಳಿದಿದ್ದರೆ ನನ್ನ ಬೆರಳು ಪುಟದ ಕೆಳಗೆ ಇರುತ್ತಿತ್ತು, ಏರಿದ್ದರೆ ಮೇಲೆ. ಸುತ್ತಲೂ ಸಮನಾಗಿ ಸೇರಿದಾಗ ಹಾಳೆ ಮಗುಚುತ್ತಿದ್ದೆ. ಅಪ್ಪ ‘ಸೇರ್ತು’ ಎಂದು ಮೃದಂಗವನ್ನು ಪಕ್ಕಕ್ಕಿಡುತ್ತಿದ್ದ. ಇದನ್ನು ಯಾರೂ ಯಾರಿಗೂ ಹೇಳಿಕೊಟ್ಟದ್ದಲ್ಲ. ಇದರ ಬಗ್ಗೆ ನಾವಿಬ್ಬರೂ ಒಂದು ಮಾತೂ ಆಡಿದವರಲ್ಲ. ಮಾತಾಡಿದರೆ ಅಪ್ಪನಿಗೆ ಕೇಳಿಸುವುದಿಲ್ಲ ಎಂಬುದು ನಿಜವಾಗಿಬಿಡುತ್ತಿತ್ತು.

ಮನೆಗೆ ಬಂದವರು ನನ್ನನ್ನು ನೋಡಿ ಎಷ್ಟು ಓದುತ್ತದೆ ಮಗು ಎನ್ನುತ್ತಿದ್ದರು. ನಾನು ನಿಜವಾಗಿಯೂ ಓದುತ್ತಿದ್ದೆ. ಒಂದೇ ಪುಟದ ಮೇಲೆ ಅಷ್ಟು ಹೊತ್ತು ಕಣ್ಣಿಟ್ಟರೆ ಅದು ಬಾಯಿಪಾಠವಾಗದೆ ಇರುವುದಿಲ್ಲ. ಮುಖದಲ್ಲಿ ಏನನ್ನೂ ತೋರಗೊಡದೆ ಇರುವುದನ್ನು ಕಲಿತದ್ದು ಆ ಜಾಗದಲ್ಲೇ. ಮುಂದೆ ಹಾಸ್ಟೆಲಿನಲ್ಲಿ, ಕೆಲಸದಲ್ಲಿ, ಅಹಂಕಾರಿ ಎನ್ನಿಸಿಕೊಂಡಿದ್ದೇನೆ. ಅದು ಅಹಂಕಾರವಲ್ಲ. ಮುಖ ಸಡಿಲ ಬಿಟ್ಟರೆ ಯಾರದೋ ಗುಟ್ಟು ಹೊರಬೀಳುತ್ತದೆಂಬ ಹಳೆಯ ಭಯ. ರಜೆಯಲ್ಲಿ ಚಿಕ್ಕಮ್ಮನ ಊರಾದ ದೊಡ್ಡಬೆಳವಂಗಲಕ್ಕೆ ಹೋದರೂ ಎರಡನೆಯ ದಿನಕ್ಕೇ ಅಮ್ಮ ಯಾರ ಕೈಲಾದರೂ ಹೇಳಿಕಳಿಸಿ ಕರೆಸಿಕೊಳ್ಳುತ್ತಿದ್ದಳು. ನಾನು ಅಲ್ಲಿ ಇಲ್ಲದಿದ್ದರೆ ಕೆಲಸ ನಿಲ್ಲುತ್ತಿತ್ತು.

ಮನೆಯಲ್ಲಿ ನಮ್ಮ ಜೊತೆ ಚಿಕ್ಕಪ್ಪ, ಅಪ್ಪನ ತಮ್ಮ, ಇದ್ದ. ಬಾಶೆಟ್ಟಿಹಳ್ಳಿಯ ಕಾರ್ಖಾನೆಯಲ್ಲಿ ಶಿಫ್ಟಿನ ಕೆಲಸ. ಅವನಿಗೆ ವಿಷಯ ಗೊತ್ತಿತ್ತು. ಆಸ್ಪತ್ರೆಯ ಕ್ಯಾಂಪಿನಲ್ಲಿ ಅಪ್ಪನಿಗೆ ಕಿವಿಯ ಮೆಷಿನ್ ಕೊಡಿಸಿದವನೂ ಅವನೇ. ಅದನ್ನು ಹಾಕಿಕೊಂಡರೆ ಮಗ್ಗದ ಸದ್ದು ತಲೆಯೊಳಗೇ ಬಡಿಯುತ್ತದೆ, ಮುಚ್ಚಿಗೆ ತಗಡಿನ ಡಬ್ಬದಂತೆ ಕೇಳಿಸುತ್ತದೆ ಎಂದು ಅಪ್ಪ ಅದನ್ನು ಎತ್ತಿಟ್ಟ. ಅದಕ್ಕೆ ಇಬ್ಬರಿಗೂ ಜಗಳವಾಗುತ್ತಿತ್ತು. ಅಜ್ಜಿ ಉಂಡು ಮಲಗಿದ ಮೇಲೆ, ಊಟದ ಹೊತ್ತಿನಲ್ಲಿ ಚಿಕ್ಕಪ್ಪ ಶುರು ಮಾಡುವನು: ಕಾರ್ಖಾನೆಯಲ್ಲಿ ಪ್ಯಾಕಿಂಗ್‌ಗೆ ಜನ ಬೇಕು, ಅಲ್ಲಿ ಯಾರ ಕಿವಿಯನ್ನೂ ಯಾರೂ ಕೇಳುವುದಿಲ್ಲ, ಮಗುವನ್ನು ಎದುರಿಗೆ ಕೂರಿಸಿಕೊಂಡು ಎಷ್ಟು ವರ್ಷ ನಡೆಸುತ್ತೀಯ. ಅಪ್ಪ ತಟ್ಟೆಯಿಂದ ತಲೆಯೆತ್ತುತ್ತಿರಲಿಲ್ಲ. ತಲೆಯೆತ್ತದಿದ್ದರೆ ಅವನ ಮಟ್ಟಿಗೆ ಜಗಳವೇ ಇರುತ್ತಿರಲಿಲ್ಲ. ಚಿಕ್ಕಪ್ಪ ಕೊನೆಗೆ ಗೋಡೆಗೆ ಬೈಯುವಂತೆ ಬೈದು ಕೈ ತೊಳೆಯುತ್ತಿದ್ದ.

ನಮ್ಮ ಕೆಲಸದ ಬಹುಪಾಲು ಬರುತ್ತಿದ್ದದ್ದು ದೇವನಹಳ್ಳಿಯ ಮೇಷ್ಟ್ರೊಬ್ಬರಿಂದ. ಅವರು ಮೃದಂಗ ಕಲಿಸುತ್ತಿದ್ದರು, ಅವರ ಮಗಳು ಅದೇ ಮನೆಯಲ್ಲಿ ಭರತನಾಟ್ಯ ಕಲಿಸುತ್ತಿದ್ದರು. ಅಪ್ಪನ ಮೃದಂಗ, ಅಮ್ಮನ ಗೆಜ್ಜೆ ಎರಡೂ ಅಲ್ಲಿಗೇ ಹೋಗಬೇಕು. ಮೇಷ್ಟ್ರು ಒಳ್ಳೆಯವರು. ಹೊಸ್ತಿಲು ದಾಟಿ ಒಳಗೆ ಬಂದು ಚಾಪೆಯ ಮೇಲೆ ಕೂರುತ್ತಿದ್ದ ಗಿರಾಕಿ ಅವರೊಬ್ಬರೇ. ನೀರು ಮಾತ್ರ ಅವರೂ ಕುಡಿಯುತ್ತಿರಲಿಲ್ಲ. ನಾನು ಪಿಯುಸಿಯಲ್ಲಿದ್ದ ವರ್ಷ ಅವರ ಮಗಳ ಶಿಷ್ಯೆಯೊಬ್ಬಳ ರಂಗಪ್ರವೇಶ ಗೊತ್ತಾಗಿ, ಅದಕ್ಕೆಂದು ಹೊಸ ಮೃದಂಗ ಹೇಳಿದ್ದರು. ಅದೇ ವರ್ಷ ಅಮ್ಮ ಇನ್ನೊಂದನ್ನು ಗೊತ್ತುಮಾಡಿಕೊಂಡಿದ್ದಳು. ಪರೀಕ್ಷೆ ಮುಗಿದರೆ ನಾನು ಮೈಸೂರಿನಲ್ಲಿ ಹಾಸ್ಟೆಲ್ ಸೇರಿ ಡಿಗ್ರಿ ಓದಬೇಕು. ಊರಿನಲ್ಲೇ ಕಾಲೇಜಿದೆಯಲ್ಲ ಎಂದವರಿಗೆ ಅವಳು ಉತ್ತರ ಕೊಡುತ್ತಿರಲಿಲ್ಲ. ಅಪ್ಪನ ಎದುರಿನ ಆ ಚಾಪೆಯಿಂದ ನನ್ನನ್ನು ಎಬ್ಬಿಸಬೇಕು ಎಂಬುದು ಅವಳ ಉತ್ತರ, ಅದನ್ನು ಹೇಳುವ ಹಾಗಿರಲಿಲ್ಲ. ನಾನು ಹೋದರೆ ಅಪ್ಪನ ಕಸುಬು ಮುಗಿಯುತ್ತದೆ. ಹೋಗದಿದ್ದರೆ ನನ್ನ ಓದು. ಅಮ್ಮನಿಗೂ ನನಗೂ ಇದು ತಿಳಿದಿತ್ತು, ಅಪ್ಪನಿಗೂ ತಿಳಿದಿರಲೇಬೇಕು.

ಪ್ರಾಕ್ಟಿಕಲ್ ಪರೀಕ್ಷೆಯ ದಿನ ನಾನು ಮನೆಯಲ್ಲಿಲ್ಲದ ಹೊತ್ತಿಗೆ ಮೇಷ್ಟ್ರು ಹೇಳದೆ ಕೇಳದೆ ಬಂದರು. ಕರೆಂಟು ಇರಲಿಲ್ಲ, ಬೀದಿ ನಿಶ್ಶಬ್ದವಾಗಿತ್ತು. ಶ್ರುತಿ ಸೇರಿಸಿಕೊಡು, ಈಗಲೇ ಒಯ್ಯುತ್ತೇನೆ ಎಂದರಂತೆ. ಮಗಳು ಬರಲಿ ಎಂದು ಹೇಳಲು ಬರುತ್ತದೆಯೇ. ಅಪ್ಪ ಮೃದಂಗವನ್ನು ಮಡಿಲಿಗೆ ತೆಗೆದುಕೊಂಡು, ಅಂಚಿಗೆ ದವಡೆಯಿಟ್ಟು, ಕಣ್ಣುಮುಚ್ಚಿ, ತನಗೆ ಉಳಿದಿದ್ದ ಆ ಒಂದು ದಾರಿಯಿಂದ ಕೇಳಲು ಕೂತ. ನಾನು ಬೀದಿಯ ತುದಿಗೆ ಬರುವಾಗ ಕರೆಂಟು ಬಂತು. ಒಂದೊಂದಾಗಿ ಮಗ್ಗಗಳೆಲ್ಲ ಶುರುವಾದವು. ಮನೆಯ ಬಾಗಿಲಿಗೆ ಬಂದಾಗ ಒಳಗಿನ ದೃಶ್ಯ ಹೀಗಿತ್ತು: ಮೇಷ್ಟ್ರು ಸಾಕು ಎಂಬಂತೆ ಕೈ ಎತ್ತಿದ್ದಾರೆ, ಅಮ್ಮ ಅಡುಗೆಮನೆಯ ಬಾಗಿಲಲ್ಲಿ ಸೆರಗನ್ನು ಬಾಯಿಗೆ ಒತ್ತಿಕೊಂಡು ನಿಂತಿದ್ದಾಳೆ, ಅಪ್ಪ ಕಣ್ಣುಮುಚ್ಚಿಕೊಂಡೇ ಕಲ್ಲಿನಿಂದ ಅಂಚಿಗೆ ಹೊಡೆದು ಹೊಡೆದು ಬಿಗಿಮಾಡುತ್ತಿದ್ದಾನೆ. ಮಗ್ಗ ಶುರುವಾದದ್ದು ಅವನಿಗೆ ತಿಳಿದಿರಲಿಲ್ಲ. ಅವುಗಳ ಅದುರು ನೆಲದಿಂದ ಮರಕ್ಕೆ, ಮರದಿಂದ ದವಡೆಗೆ ಏರಿ ಬಂದಿತ್ತು; ಅದನ್ನು ಅವನು ಮುಚ್ಚಿಗೆಯ ನಾದವೆಂದು ಹಿಡಿದಿದ್ದ. ಎಷ್ಟು ಬಿಗಿಮಾಡಿದರೂ ಆ ಅದುರು ಬದಲಾಗದು. ಬದಲಾಗಲಿಲ್ಲವೆಂದು ಇನ್ನೂ ಬಿಗಿಮಾಡಿದ. ನಾನು ಚಪ್ಪಲಿ ಬಿಡುವಷ್ಟರಲ್ಲಿ ಮುಚ್ಚಿಗೆ ಕರಣೆಯ ಪಕ್ಕದಿಂದ ಅಂಚಿನವರೆಗೆ ಸೀಳಿತು. ಅಪ್ಪ ಬೆರಳಿನಿಂದ ಆ ಸೀಳನ್ನು ಮುಟ್ಟಿದ ಮೇಲೆ ಕಣ್ಣು ತೆರೆದ.

ಅಮ್ಮ ಮುಂದೆ ಬಂದು ತೊಗಲು ಹಳೆಯದು ಸ್ವಾಮಿ, ಬಿಸಿಲಿಗೆ ಒಣಗಿಬಿಟ್ಟಿತ್ತು ಎಂದೇನೋ ಹೇಳಿದಳು. ಮೇಷ್ಟ್ರು ಕೇಳಿಸಿಕೊಳ್ಳಲಿಲ್ಲ. ಅವರು ಬಾಗಿಲಲ್ಲಿದ್ದ ನನ್ನನ್ನು ನೋಡಿದರು.

‘ಈ ಹುಡುಗಿ ಪುಸ್ತಕ ಹಿಡ್ಕೊಂಡು ಎದುರಿಗೆ ಕೂತಿದ್ದಾಗಲೆಲ್ಲ ಸರಿಯಾಗೇ ಬರ್ತಿತ್ತು. ನಾನೇನು ನೋಡಿಲ್ವಾ? ಗೊತ್ತಿದ್ದೂ ಸುಮ್ಮನಿದ್ದೆ.’

ಅವರು ಕೋಪಿಸಿಕೊಂಡಿರಲಿಲ್ಲ, ಅದೇ ಕಷ್ಟವಾಯಿತು. ತಣ್ಣಗೆ ಕೂತು ಒಂದು ದಾರಿ ಹೇಳಿದರು. ಇಂಥ ಕಿವಿಯನ್ನು ಮೈಸೂರಿಗೆ ಕಳಿಸುವುದು ಯಾಕೆ, ಇಲ್ಲೇ ಕಾಲೇಜಿದೆ, ಅವಳು ಕೂತರೆ ತಮ್ಮ ಕಡೆಯ ಕೆಲಸವೆಲ್ಲ ಈ ಮನೆಗೇ ಬರುತ್ತದೆ, ಹೊರಗೆ ಯಾರಿಗೂ ತಿಳಿಯುವುದು ಬೇಡ. ಒಳಗಿನಿಂದ ಎದ್ದು ಬಂದಿದ್ದ ಅಜ್ಜಿಗೆ ಮಗನ ಕಿವಿಯ ವಿಷಯ ತಿಳಿದದ್ದು ಆ ಕ್ಷಣದಲ್ಲೇ. ಆದರೂ ಅಳುವುದಕ್ಕೆ ಮುಂಚೆ ಅವಳು ಕೈ ಮುಗಿದು ದೇವರಂಥ ಮಾತು ಎಂದಳು. ಅಷ್ಟರಲ್ಲಿ ಶಿಫ್ಟು ಮುಗಿಸಿ ಬಂದ ಚಿಕ್ಕಪ್ಪ ಎಲ್ಲ ಕೇಳಿ, ‘ಹಂಗಾದ್ರೆ ನಮ್ ಅಮ್ಮಣ್ಣಿಗೆ ಪಿಎಫ್ಫು ಇಎಸ್‌ಐ ಎಲ್ಲಾ ಹಿಡೀತೀರಾ ಮೇಷ್ಟ್ರೇ?’ ಎಂದು ನಕ್ಕ. ನಕ್ಕರೂ ಬೇಡವೆನ್ನಲಿಲ್ಲ. ಅಮ್ಮ ಮಾತ್ರ ಸೀಳಿದ ಮೃದಂಗವನ್ನು ಎತ್ತಿ ಗೋಡೆಗೆ ಒರಗಿಸಿದಳು. ನಾನು ಒಂದೇ ಒಂದು ಕೇಳಿದೆ. ಇನ್ನು ಮೇಲೆ ಶ್ರುತಿ ನಾನೇ ಸೇರಿಸುವುದಾದರೆ, ಮುಚ್ಚಿಗೆಯನ್ನು ನಾನೇ ಬಾರಿಸಿ ನೋಡಬಹುದೇ ಎಂದು. ಅಜ್ಜಿ ಕಣ್ಣೊರೆಸಿಕೊಳ್ಳುತ್ತಲೇ ಹೇಳಿದಳು:

‘ಹೆಣ್ಣು ಬಾರ್ಸಿದ್ ಮುಚ್ಚಿಗೆ ಯಾರ್ ತಗತಾರೆ? ನೀನು ಕೇಳು ಸಾಕು.’

ಇಷ್ಟೂ ಹೊತ್ತು ಅಪ್ಪ ಒಬ್ಬರ ಬಾಯಿಯಿಂದ ಇನ್ನೊಬ್ಬರ ಬಾಯಿಗೆ ನೋಡುತ್ತಾ ಕೂತಿದ್ದ. ಮೇಷ್ಟ್ರು ಹೋದ ಮೇಲೆ ಅಮ್ಮನನ್ನು ಕರೆದು ಏನಂತೆ ಎಂದು ಕೇಳಿದ. ಅಮ್ಮ ಅವನ ಎದುರು ಕುಕ್ಕರುಗಾಲಲ್ಲಿ ಕೂತು, ತುಟಿ ಬಿಡಿಸಿ ಬಿಡಿಸಿ, ಒಂದನ್ನೂ ಮುಚ್ಚಿಡದೆ ಹೇಳಿದಳು. ಅಜ್ಜಿಯ ಮಾತನ್ನೂ ಹೇಳಿದಳು. ಅಪ್ಪ ತಲೆಯಾಡಿಸಿ ಊಟಕ್ಕೆ ಎದ್ದ. ಅವತ್ತು ಹುರುಳಿ ಸಾರು, ಮುದ್ದೆ. ಅವನು ಎಂದಿನಷ್ಟೇ ಉಂಡ.

ಬೆಳಿಗ್ಗೆ ಎದ್ದಾಗ ಅಪ್ಪ ಮೇಷ್ಟ್ರ ಮನೆಯಿಂದ ರಿಪೇರಿಗೆ ಬಂದಿದ್ದ ಮೃದಂಗಗಳನ್ನು ಹಳೆಯ ಪಂಚೆಯಲ್ಲಿ ಕಟ್ಟುತ್ತಿದ್ದ. ನನಗೂ ಹೊರಡು ಎಂದ. ದೇವನಹಳ್ಳಿಯ ಬಸ್ಸಿನಲ್ಲಿ ಗಂಟುಗಳನ್ನು ಕಾಲ ನಡುವೆ ಇಟ್ಟುಕೊಂಡು ಹೋದೆವು. ಮೇಷ್ಟ್ರ ಮನೆಯಲ್ಲಿ ಪಾಠ ನಡೆದಿತ್ತು. ಒಳಗಿನ ಹಜಾರದಲ್ಲಿ ಹುಡುಗಿಯರು ಸಾಲಾಗಿ ಕಾಲು ತಟ್ಟುತ್ತಿದ್ದರು, ಪೋಷಕರು ಜಗುಲಿಯ ಮೇಲೆ ಕಾಯುತ್ತಿದ್ದರು. ಅಪ್ಪ ಅಂಗಳದಲ್ಲೇ ನಿಂತು, ಗಂಟುಗಳನ್ನು ಮೆಟ್ಟಿಲ ಮೇಲಿಟ್ಟ. ಮೇಷ್ಟ್ರು ಹೊರಗೆ ಬಂದರು. ಅಪ್ಪ ಮಾತಾಡಿದ ದನಿ ನಾನು ಅದುವರೆಗೆ ಕೇಳದೇ ಇದ್ದದ್ದು. ಅದುಮಿಟ್ಟಿದ್ದನ್ನೆಲ್ಲ ಬಿಟ್ಟು, ಗದ್ದೆಯ ಈಚೆಯಿಂದ ಆಚೆಗೆ ಕೂಗುವವರ ಹಾಗೆ ಹೇಳಿದ.

‘ಮೇಷ್ಟ್ರೇ, ನಂಗೆ ಕಿವಿ ಕೇಳ್ಸಲ್ಲ. ಮಗ್ಗದಲ್ಲಿ ಹೋಗಿದ್ದು, ಭಾಳ ವರ್ಷಾತು. ಇಷ್ಟ್ ದಿನ ನಿಮ್ಗೆ ಶ್ರುತಿ ಸೇರಿಸ್ಕೊಟ್ಟಿದ್ದು ನಾನಲ್ಲ, ಈ ಮಗು. ಇದು ಓದಕ್ಕೋಗ್ತದೆ. ನಾನು ಕೆಲ್ಸ ಬಿಟ್ಟೆ.’

ಒಳಗೆ ಗೆಜ್ಜೆಯ ಸದ್ದು ನಿಂತಿತು. ಜಗುಲಿಯವರೆಲ್ಲ ನಮ್ಮನ್ನೇ ನೋಡುತ್ತಿದ್ದರು. ಮೇಷ್ಟ್ರ ಮುಖ ಕೆಂಪಾಯಿತು. ‘ಇಷ್ಟು ಜನರ ಮುಂದೆ ಹೇಳ್ಕೊಳ್ಳೋ ಅಂಥದ್ದು ಏನಿತ್ತು ಮುನಿರಾಜು’ ಎಂದರು. ಅಪ್ಪ ನನ್ನ ಕಡೆ ತಿರುಗಿದ. ನಾನು ತುಟಿಯಲ್ಲಿ ಅದನ್ನು ತಿಳಿಸಿದೆ. ಅವನು ಅವರಿಗೆ ಅಲ್ಲ, ನನಗೆ ಉತ್ತರ ಕೊಟ್ಟ:

‘ನಾಕ್ ಜನಕ್ ಗೊತ್ತಾದ್ರೆ ಇನ್ ಯಾರೂ ನಮ್ಮನೆ ಬಾಗ್ಲಿಗ್ ಬರಾಕಿಲ್ಲ. ಅದಕ್ಕೇ.’

ಮುಂದೆ ಆದದ್ದನ್ನು ಇಲ್ಲೇ ಹೇಳಿಬಿಡುತ್ತೇನೆ. ಅವನು ಅಂದುಕೊಂಡಂತೆಯೇ ಯಾರೂ ಬರಲಿಲ್ಲ. ತೊಟ್ಟಿ ಖಾಲಿಯಾಯಿತು, ಅನ್ನಕ್ಕೆ ಒಂದೇ ಪಾತ್ರೆ ಸಾಕಾಯಿತು, ಮೇಷ್ಟ್ರ ಮಗಳು ಗೆಜ್ಜೆಗಳನ್ನೂ ಬೇರೆ ಕಡೆ ಕೊಡತೊಡಗಿದರು. ಅಪ್ಪ ಚಿಕ್ಕಪ್ಪನ ಗಾಡಿಯ ಹಿಂದೆ ಕೂತು ಬಾಶೆಟ್ಟಿಹಳ್ಳಿಗೆ ಹೋಗತೊಡಗಿದ. ಅಲ್ಲಿ ಪೆಟ್ಟಿಗೆಗಳಿಗೆ ಟೇಪು ಸುತ್ತುವ ಕೆಲಸ. ಅಜ್ಜಿ ಸಾಯುವವರೆಗೂ ನನ್ನ ಜೊತೆ ನೇರವಾಗಿ ಮಾತಾಡಲಿಲ್ಲ. ಮನೆಯ ಕಸುಬನ್ನು ತೆಗೆದವಳು ನಾನೆಂದು ಅವಳ ಲೆಕ್ಕ. ನಾನು ಮೈಸೂರಿಗೆ ಹೋದೆ, ಓದಿದೆ. ಮೃದಂಗದ ಕಛೇರಿಗಳಿಗೆ ನಾನು ಹೋಗುವುದಿಲ್ಲ.

ಅವತ್ತು ದೇವನಹಳ್ಳಿಯಿಂದ ವಾಪಸ್ಸು ಬರುವಾಗ ಬಸ್ಸು ತುಂಬಿತ್ತು. ಕಷ್ಟದಿಂದ ಹಿಂದಿನ ಸೀಟು ಸಿಕ್ಕಿತು. ಕೈಯಲ್ಲಿ ಹಿಡಿಯಲು ಏನೂ ಇಲ್ಲದ್ದರಿಂದ ಅಪ್ಪ ಖಾಲಿ ಪಂಚೆಯನ್ನು ಮಡಿಸುತ್ತಾ ಕೂತಿದ್ದ. ಊರು ದಾಟಿದ ಮೇಲೆ ನನ್ನ ಕಡೆ ವಾಲಿ ಕೇಳಿದ. ಮೆಲ್ಲಗೆ ಕೇಳುತ್ತಿದ್ದೇನೆಂದು ಅವನು ಅಂದುಕೊಂಡಿದ್ದ, ಬಸ್ಸಿಗೆಲ್ಲ ಕೇಳಿಸಿತು.

‘ನಿನ್ನೆ ಮುಚ್ಚಿಗೆ ಸೀಳ್ತಲ್ಲ, ಸದ್ದು ಹೆಂಗ್ ಬಂತು?’

ಅವನು ಕಿವಿಯ ವಿಷಯವಾಗಿ ನನ್ನನ್ನು ಕೇಳಿದ ಮೊದಲ ಪ್ರಶ್ನೆ ಅದು. ನಾನು ನೆನಪಿಸಿಕೊಳ್ಳಲು ನೋಡಿದೆ. ಸೀಳಿದ್ದು ಕಣ್ಣ ಮುಂದಿತ್ತು. ಸುತ್ತ ಮಗ್ಗಗಳು ಓಡುತ್ತಿದ್ದವು.

‘ನಂಗೂ ಕೇಳಿಸ್ಲಿಲ್ಲಪ್ಪ’ ಎಂದೆ.

ಕಿಟಕಿಯ ಬೆಳಕು ನನ್ನ ಹಿಂದೆ ಇತ್ತು, ತುಟಿ ಕಾಣಲಿಲ್ಲವೇನೋ. ಅವನು ಇನ್ನೂ ನನ್ನ ಮುಖವನ್ನೇ ನೋಡುತ್ತಾ ಕಾಯುತ್ತಿದ್ದ. ನಾನು ಮತ್ತೊಮ್ಮೆ, ಗಂಟಲು ಬಿಟ್ಟು, ಕೂಗಿ ಹೇಳಿದೆ. ಮುಂದಿನ ಸೀಟಿನವರು ತಿರುಗಿ ನೋಡಿದರು.